ಬೆರಳ ಗುರುತು ಕಾಣಬಾರದ ಲೋಟಗಳು

ಕಡಲತಡಿಯ ಮಂಕಿ ಊರಿನ ದೇವಿ ಮೊಗೇರ ಬೆಳಿಗ್ಗೆ ಎದ್ದು ಮೊದಲು ನೋಡುವುದು ದೇವರ ಪಟವನ್ನಲ್ಲ, ಮೂರು ತಾಮ್ರದ ಲೋಟಗಳನ್ನು. ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟದ್ದನ್ನು ತೆಗೆದು, ಬಾಗಿಲ ಬೆಳಕಿಗೆ ಹಿಡಿದು ತಿರುಗಿಸುತ್ತಾಳೆ. ನಿನ್ನೆ ಇಲ್ಲದ ಚುಕ್ಕೆ ಇಂದು ಇದೆಯಾ? ಇದೆ. ಇದ್ದೇ ಇರುತ್ತದೆ.

ಅವು ನೀರು ಕುಡಿಯುವ ಲೋಟಗಳಲ್ಲ, ಜಾದೂ ಲೋಟಗಳು. ಮೂರನ್ನೂ ಮೇಜಿನ ಮೇಲೆ ಕವುಚಿಟ್ಟು, ಉಣ್ಣೆಯ ಪುಟ್ಟ ಚೆಂಡನ್ನು ಒಂದರಡಿ ಇಟ್ಟು ಇನ್ನೊಂದರಡಿ ತೆಗೆಯುವ, ಕೊನೆಗೆ ಮೂರರಡಿಯಲ್ಲೂ ಒಂದೊಂದು ಲಿಂಬೆಹಣ್ಣು ಹುಟ್ಟಿಸುವ ಆಟ. ಬೆಳಿಗ್ಗೆ ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಮೀನು ಕೊಚ್ಚಿ ಕೊಡುವ ದೇವಿ, ಸಂಜೆ ಹೊತ್ತು ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಹುಟ್ಟುಹಬ್ಬ, ಎಲ್ಲಿ ಶಾಲೆಯ ಗ್ಯಾದರಿಂಗ್ ಇದ್ದರೂ ಹೋಗಿ ಈ ಆಟ ಆಡುತ್ತಾಳೆ. ಮೊಬೈಲ್ ನೋಡಿ ಕಲಿತದ್ದು. ಸ್ಟೀಲ್ ಲೋಟದಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಈ ತಾಮ್ರದವನ್ನು ಕೊರಿಯರಿನಲ್ಲಿ ತರಿಸಿದಳು. ಪೆಟ್ಟಿಗೆಯ ಮೇಲೆ ಬರೆದಿತ್ತು: ಪಾರದರ್ಶಕ ರಕ್ಷಾ ಲೇಪನ, ವರ್ಷಗಟ್ಟಲೆ ಹೊಳಪು ಮಾಸದು.

ಯಾವ ಊರಿನ ವರ್ಷವೋ! ಬರೆದವನು ಮಂಕಿಯ ಗಾಳಿಯಲ್ಲಿ ಒಂದು ಮಳೆಗಾಲ ಕಳೆದು ನೋಡಬೇಕಿತ್ತು. ಕಿಟಕಿಯ ಸರಳು, ಸೈಕಲ್ ಚೈನು, ಗೋಡೆಯ ಮೊಳೆ, ಯಾವುದನ್ನೂ ಇಲ್ಲಿಯ ಉಪ್ಪುಗಾಳಿ ನೆಕ್ಕದೆ ಬಿಡುವುದಿಲ್ಲ. ಮೊದಲು ಲೋಟದ ಬಾಯಂಚಿನಲ್ಲಿ, ಬೆರಳು ಕೂರುವಲ್ಲಿ ಲೇಪನ ಸವೆಯಿತು. ಸವೆದಲ್ಲಿ ತಾಮ್ರ ಕಪ್ಪಾಯಿತು. ಬರೀ ತಾಮ್ರವಾಗಿದ್ದರೆ ಉಜ್ಜಬಹುದಿತ್ತು. ಆದರೆ ಕಪ್ಪು ಲೇಪನದ ಅಡಿಗೇ ನುಗ್ಗಿ ಒಳಗೊಳಗೆ ಹಬ್ಬತೊಡಗಿತು. ಗಾಜಿನಾಚೆಯ ಕೊಳೆಯನ್ನು ಈಚೆಯಿಂದ ಉಜ್ಜುವುದು ಹೇಗೆ?

ಅಪ್ಸರಕೊಂಡದ ಹತ್ತಿರದ ಒಂದು ರೆಸಾರ್ಟಿನಲ್ಲಿ ಶನಿವಾರಕ್ಕೊಮ್ಮೆ ಅವಳ ಆಟ. ಮ್ಯಾನೇಜರ್ ಅಜಯ ಕುಮಟೆಯವನು, ಮಾತು ಬೆಣ್ಣೆ. ಗಣಪತಿ ಹಬ್ಬ ಮುಗಿದ ವಾರ ಅವಳನ್ನು ಕರೆಸಿ ಹೇಳಿದ: "ದೇವಕ್ಕ, ಹೊಸ ಹಾಲ್ ರೆಡಿ ಆತು. ಬರೂ ಆದಿತ್ಯವಾರ ಓಪನಿಂಗ್. ಇನ್ನು ವಾರವಿಡೀ ನಿಮ್ದೇ ಶೋ. ಬಾಗಿಲ ಮೇಲೆ ಬೋರ್ಡ್ ಹಾಕಸ್ತೆ, ನಿಮ್ಮ ಹೆಸರಲ್ಲೇ."

ಊರಿಗೆಲ್ಲ ಅವಳು ಮೀನು ಕೊಚ್ಚುವ ದೇವಿ. ಆಟಕ್ಕೆ ಕರೆಸಿದ ಶಾಲೆಗಳೂ ವಂದನಾರ್ಪಣೆಯಲ್ಲಿ ಮೈಕಿನವನ ಹೆಸರು ಹೇಳಿ ಇವಳದನ್ನು ಮರೆಯುತ್ತಿದ್ದವು. ಈಗ ಬಾಗಿಲ ಮೇಲೆ, ದೊಡ್ಡ ಅಕ್ಷರದಲ್ಲಿ!

"ಒಂದೇ ಮಾತು," ಅಜಯ ಲೋಟವೊಂದನ್ನು ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿದ. "ಈ ಕಲೆ ಎಂತದು? ಗೆಸ್ಟ್ ಎಲ್ಲ ಫೋಟೊ ತೆಗೀತ್ರು. ಲೋಟ ಕನ್ನಡಿ ಹಾಂಗೆ ಇರ್ಬೇಕು. ಬೆರಳಿನ ಗುರುತು ಒಂದೂ ಕಾಣಬಾರ್ದು. ಬೇಕಾದ್ರೆ ಬಿಳಿ ಗ್ಲೌಸ್ ಹಾಕ್ಕಳಿ."

"ಗ್ಲೌಸ್ ಹಾಕಿ ಚೆಂಡು ಅಡಗ್ಸೂದು ಹೆಂಗೆ ಸರ್?"

"ಅದು ನಿಮ್ಮ ವಿದ್ಯೆ. ಬೇಜಾರ ಮಾಡ್ಕಬೇಡಿ, ಮೀನಿನ ಕೈ ಅಲ್ದಾ, ಅದ್ಕೇ ಬೇಗ ಕಪ್ಪಾಗ್ತದೆ."

ಆ ಮಧ್ಯಾಹ್ನ ಅಜಯನ ತಟ್ಟೆಯಲ್ಲಿದ್ದ ಹುರಿದ ಇಸ್ವಾಣ ಮೀನಿನ ತುಂಡು ಇದೇ ಕೈ ಕೊಚ್ಚಿದ್ದು. ತಟ್ಟೆಗೆ ಬರುವಾಗ ನಾರದ ಕೈ ಮೇಜಿಗೆ ಬರುವಾಗ ಮಾತ್ರ ನಾರುತ್ತದೆ. ನಮ್ಮ ಮೂಗುಗಳೇ ಹಾಗೆ, ಎಲ್ಲಿ ಎಷ್ಟು ಬೇಕೋ ಅಷ್ಟೇ ಕೆಲಸ ಮಾಡುತ್ತವೆ.

ದೇವಿ ಲೋಟವನ್ನು ಅವನ ಕೈಯಿಂದ ತೆಗೆದು ಒರೆಸಿದಳು. ಬೋರ್ಡು ಬೇಕಿತ್ತು. ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಲೋಟ ತೆಗೆದಳು, ಒರೆಸಿದಳು, ಇಟ್ಟಳು, ಮತ್ತೆ ತೆಗೆದಳು.

ಶುಕ್ರವಾರ ಮಾರ್ಕೆಟ್ಟಿನಿಂದ ಬೇಗ ಬಂದರೆ, ಅವ್ವ ಈರಮ್ಮ ಬಾವಿಕಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಎದುರಿಗೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕೈಯಲ್ಲಿ ಮೂರನೆಯ ಲೋಟ.

"ಅವ್ವಾ! ಎಂತ ಮಾಡ್ದೆ?"

"ಒಳ್ಳೆ ಕೆಲ್ಸಕ್ಕೆ ಹೋಗೂ ತಾಮ್ರ, ಹಾಂಗೇ ಕಳ್ಸೂದಾ? ಎಂತ ತಾಮ್ರ ಮಾರಾಯ್ತಿ ಇದು, ಹುಣಸೆಹಣ್ಣಿಗೂ ಬಗ್ಗೂದಿಲ್ಲ."

ಬಗ್ಗಿರಲಿಲ್ಲ, ನಿಜ. ಹುಳಿ ಲೇಪನದ ಮೇಲಿಂದ ಜಾರಿ ಹೋಗಿತ್ತು, ಬೂದಿ ಮಾತ್ರ ಉದ್ದಕ್ಕೂ ಗೀರಿತ್ತು. ಲೇಪನ ಸವೆದ ಅಂಚುಗಳು ಕೆಂಪಗೆ ಹೊಳೆಯುತ್ತಿದ್ದವು, ಉಳಿದ ಮೈಯೆಲ್ಲ ಮಬ್ಬು.

"ಇದ್ರ ಮೇಲೆ ಕಾಣದ ಬಣ್ಣ ಹಚ್ಚಿದ್ರು ಅವ್ವ. ಅದು ಗೀರು ಬಿತ್ತು."

"ಕಾಣದೇ ಇರೂ ಬಣ್ಣ ಹಚ್ಚೂದು ಎಂತಕ್ಕೆ?"

ದೇವಿ ಲೋಟಗಳನ್ನು ಚೀಲಕ್ಕೆ ತುಂಬಿಕೊಂಡು ಹೊನ್ನಾವರಕ್ಕೆ ಓಡಿದಳು. ಬೈಕುಗಳಿಗೆ ಬಣ್ಣ ಹೊಡೆಯುವ ಬೊಮ್ಮಯ್ಯ ಥಿನ್ನರಿನಲ್ಲಿ ಹಳೆ ಲೇಪನ ಕಳಚಿ, ಹೊರಮೈ ತಿಕ್ಕಿ, ಬೈಕಿನ ಟ್ಯಾಂಕಿಗೆ ಕೊನೆಯಲ್ಲಿ ಹೊಡೆಯುವ ಮೆರುಗನ್ನೇ ಹೊಡೆದುಕೊಟ್ಟ. ಲೋಟದೊಳಗಿನ ಲೇಪನವೂ ಕಳಚಿತ್ತು, ಅಲ್ಲಿಯ ಕಪ್ಪನ್ನು ಮಾತ್ರ ಮುಟ್ಟಲಿಲ್ಲ.

"ಒಳಗೆ ಯಾರು ಇಣುಕ್ತ್ರು ತಂಗಿ? ಇರ್ಲಿ ಬಿಡು. ಒಂದು ವಾರ ಮಾತ್ರ ಮುಟ್ಟಬೇಡ. ಈ ಥಂಡೀಲಿ ಮೇಲಿಂದ ಒಣಗಿದ ಹಾಂಗೆ ಕಾಣ್ತದೆ, ಅಡಿಗೆ ಹಸಿ. ಒಂದ್ರೊಳಗೊಂದು ಇಟ್ಟೆ ಅಂದ್ರೆ ಕಚ್ಕಂಡು ಕೂರ್ತದೆ."

"ನಾಡಿದ್ದೇ ಆಟ ಬೊಮ್ಮಣ್ಣ."

"ಹಾಂಗಾರೆ ಇಡಗುಂಜಿ ಗಣಪತಿಗೆ ಹೇಳ್ಕ."

ಆದರೆ ಒಂದರೊಳಗೊಂದು ಇಡದೆ ಆ ಆಟವೇ ಇಲ್ಲ. ಚೆಂಡು ಅಡಗುವುದೇ ಎರಡು ಲೋಟಗಳ ನಡುವೆ.

ಆದಿತ್ಯವಾರ ಮೂರು ಲೋಟಗಳನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಎಳೆಗೂಸನ್ನು ಒಯ್ಯುವ ಹಾಗೆ ಬಸ್ಸಿನಲ್ಲಿ ತಂದಳು. ಹೊಸ ಹಾಲಿನಲ್ಲಿ ದೀಪವೋ ದೀಪ. ಬಾಗಿಲ ಬದಿಗೆ ಬೋರ್ಡು ಪೇಪರು ಸುತ್ತಿಕೊಂಡು ನಿಂತಿತ್ತು. ಲೋಟಗಳು ಕನ್ನಡಿಯ ಹಾಗೆ ಹೊಳೆದವು. ಅಜಯ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ಮೊದಲ ಚೆಂಡು ಹೋಯಿತು, ಬಂತು. ಎರಡನೆಯದೂ. ದೇವಿ ಒಂದು ಲೋಟದ ಮೇಲೆ ಇನ್ನೊಂದನ್ನು ಕವುಚಿದಳು, ಮಂತ್ರ ಹೇಳಿದಳು, ಎತ್ತಿದಳು.

ಮೇಲಿನದು ಬಿಟ್ಟು ಬರಲಿಲ್ಲ. ಅಡಿಯ ಲೋಟವೂ ಜೊತೆಗೇ ಎದ್ದು ಬಂತು.

"ಆಂಟಿ, ಅದು ಸಿಕ್ಕಾಕೊಂಡಿದೆ!" ಮುಂದಿನ ಸಾಲಿನ ಹುಡುಗಿ ನಕ್ಕಳು. ಹಾಲೆಲ್ಲ ನಕ್ಕಿತು. ಅಜಯ ಮುಗಿಸಿ, ಮುಗಿಸಿ ಎಂದು ಕೈ ಬೀಸತೊಡಗಿದ.

ದೇವಿ ಲೋಟಗಳನ್ನು ತಿರುಚಿದಳು. ಅಂಚಿನಲ್ಲಿ ಮೆರುಗು ಸುಕ್ಕುಗಟ್ಟಿ ಎದ್ದಿತು. ಆಗ ಅವಳ ಕೈ ಅವಳನ್ನು ಕೇಳದೆಯೇ ದಿನಾ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಮಾಡುವುದನ್ನು ಮಾಡಿತು. ಬೊಂಡಾಸ ಮೀನಿನ ತೊಗಲಿನಡಿ ಹೋಗುವ ಹಾಗೆ ಉಗುರು ಮೆರುಗಿನಡಿ ಹೋಯಿತು, ಹೆಬ್ಬೆರಳು ಎಳೆಯಿತು, ಪರ್ರನೆ ಉದ್ದ ಪೊರೆಯೊಂದು ಸುಲಿದು ಬಂತು. ಲೋಟಗಳು ಬಿಟ್ಟುಕೊಂಡವು. ನಡುವಿನ ಚೆಂಡು ಎಲ್ಲರೆದುರೇ ಉರುಳಿ ಹೋಯಿತು.

ನಗು ನಿಂತಿತ್ತು. "ಹಾವಿನ ಪೊರೆ!" ಅಂದಳು ಅದೇ ಹುಡುಗಿ. ದೇವಿ ಅದನ್ನು ಅವಳ ಅಂಗೈಗೆ ಹಾಕಿದಳು. ಮೂರನ್ನೂ ಸುಲಿದಳು. ಆಮೇಲೆ ಲೋಟಗಳನ್ನು ಮಗುಚಿ, ಕಪ್ಪು ಹಿಡಿದ ಒಳಮೈಯನ್ನು ಎಲ್ಲರಿಗೂ ತೋರಿಸಿದಳು.

"ಆಟದ ಗುಟ್ಟು ಹೆಂಗೂ ಹೋತು. ಅಡುಗೆಮನೆಯಿಂದ ಯಾರಾದ್ರೂ ಚೂರು ಹುಣಸೆಹಣ್ಣು, ಉಪ್ಪು ತನ್ನಿ."

ಮಕ್ಕಳು ಮೇಜಿನ ಸುತ್ತ ಮುತ್ತಿದರು. ದೇವಿ ಹುಣಸೆ ಹಿಚುಕಿ ಕಪ್ಪಿನ ಮೇಲೆ ಬೆರಳಾಡಿಸಿದಳು. ಬೆರಳು ಹೋದ ದಾರಿಯಲ್ಲೇ ತಾಮ್ರ ಎಳೆ ಕೆಂಪಾಗಿ ಕಣ್ಣು ಬಿಟ್ಟಿತು. "ನಂಗೆ ಕೊಡಿ, ನಂಗೆ" ಎಂದು ಪುಟ್ಟ ಕೈಗಳು ಲೋಟದೊಳಗೆ ನುಗ್ಗಿದವು. ಕೊನೆಗೆ ಲಿಂಬೆಹಣ್ಣುಗಳೂ ಹುಟ್ಟಿದವು. ಹಾಲೆಲ್ಲ ಚಪ್ಪಾಳೆ ತಟ್ಟಿತು.

ಜನ ಚದುರಿದ ಮೇಲೆ ಅಜಯ ಬೆವರು ಒರೆಸಿಕೊಳ್ಳುತ್ತ ಬಂದ. "ಜೀವ ಹೋಗಿತ್ತು ನಂಗೆ. ಆದ್ರೆ ದೇವಕ್ಕ, ಹುಣಸೆಹಣ್ಣಿನ ಐಟಂ ಹಿಟ್! ಅದನ್ನ ದಿನಾ ಇಟ್ಕಳಿ. ಗ್ಲೌಸ್ ಮಾತ್ರ ಬೇಕೇ ಬೇಕು. ಯಾರೋ ಮಕ್ಕಳ ಅಮ್ಮ ಕೇಳಿದ್ರು, ಮಾರ್ಕೆಟ್ಟಿನ ಹೆಂಗ್ಸಲ್ದಾ ಅಂತ." ಎಂದವನೇ ಬೋರ್ಡಿನ ಪೇಪರು ಹರಿದ. ಕೆಂಪು ಅಕ್ಷರದಲ್ಲಿ ಅವಳ ಹೆಸರು. ಪೂರ್ತಿ ಹೆಸರು.

ದೇವಿ ಅದನ್ನೇ ನೋಡುತ್ತ ನಿಂತಳು. ಕೈ ಎತ್ತಿ 'ದೇ' ಅಕ್ಷರ ಮುಟ್ಟಿದಳು. ಹುಣಸೆಯ ಬೆರಳ ಗುರುತು ಮೂಡಿತು. ಅಜಯ ತಟ್ಟನೆ ಕರವಸ್ತ್ರ ತೆಗೆದು ಒರೆಸಿದ.

ಅಷ್ಟೇ. ಅಷ್ಟು ಸಾಕಾಯಿತು.

"ಬೋರ್ಡಿಗೆ ಗ್ಲೌಸಿನ ಹೆಸರೇ ಬರ್ಸಿ ಸರ್," ಅಂದಳು ದೇವಿ. "ಆಟನೂ ಅದೇ ಆಡ್ಲಿ."

ಮನೆಗೆ ಬಂದರೆ ಈರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಲೋಟ ಇಸಿದುಕೊಂಡು ನೋಡಿದಳು. ಬಸ್ಸಿನಲ್ಲಿ ಹಿಡಿದುಕೊಂಡಿದ್ದ ಜಾಗ ಆಗಲೇ ಮಂಕಾಗುತ್ತಿತ್ತು. ಕೇಳದೆಯೇ ಹುಣಸೆಹಣ್ಣು ತಂದು ಬಾವಿಕಟ್ಟೆಯಲ್ಲಿ ಕೂತಳು. ದೇವಿ ಅಲ್ಲಿಂದಿಲ್ಲಿಗೆ ನಡೆಯುತ್ತ ನಡೆದದ್ದನ್ನೆಲ್ಲ ಹೇಳಿದಳು.

"ಬೋರ್ಡ್ ಮೇಲೆ ಅಕ್ಷರ ಚಂದ ಇತ್ತಾ?" ಈರಮ್ಮ ತಲೆ ಎತ್ತದೆ ಕೇಳಿದಳು.

"ಇತ್ತು."

"ದೊಡ್ಡಕ್ಕಿತ್ತಾ?"

"ಇತ್ತು ಅವ್ವ," ಎಂದವಳೇ ದೇವಿ ಅವಳ ಕೈಯಿಂದ ಲೋಟ ಕಿತ್ತುಕೊಂಡು, ಆಗಲೇ ಬೆಳಗಿದ್ದ ಜಾಗವನ್ನೇ ಮತ್ತೆ ಮತ್ತೆ ಉಜ್ಜತೊಡಗಿದಳು.