ತುಳಸಿ ಕೋಶಗಳಿಗೆ ಎರೆದ ತೀರ್ಥ

1985ರ ಫೆಬ್ರವರಿ 18, ಸೋಮವಾರ. ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಔಷಧ ಕಂಪನಿಯೊಂದು ಡೊಂಬಿವಲಿಯಲ್ಲಿ ವಾಸವಿದ್ದ ಹರಿಣಾಕ್ಷಿಯನ್ನು 'ಅಜಾಗರೂಕತೆ'ಯ ಕಾರಣ ನೀಡಿ ಕೆಲಸದಿಂದ ತೆಗೆದುಹಾಕಿತು. ಆ ಪದವನ್ನು ಬರೆಸಿದವರು ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಪುಂಡರೀಕಾಕ್ಷ. ಅದರ ಅರ್ಥವನ್ನು ಅವರಷ್ಟು ಅನುಭವದಿಂದ ಬಲ್ಲವರು ಠಾಣೆ ಜಿಲ್ಲೆಯಲ್ಲಿ ಮತ್ತೊಬ್ಬರಿರಲಿಲ್ಲ.

ಉಡುಪಿ ಕಡೆಯ ಹರಿಣಾಕ್ಷಿ ಸಸ್ಯಶಾಸ್ತ್ರದ ಎಂ.ಎಸ್ಸಿ.; ನಾಲಿಗೆ ಖಾರ. ತುಳಸಿ ಎಲೆಯ ಚೂರಿನಿಂದ ಬೆಳೆಸಿದ ಜೀವಕೋಶಗಳನ್ನು ಅವಳು ಗಾಜಿನ ಕುಪ್ಪಿಗಳಲ್ಲಿ ಸಾಕುತ್ತಿದ್ದಳು. ಸ್ಟೀರಾಯ್ಡ್ ಔಷಧವನ್ನು ಉಣಿಸಿದರೆ ಆ ಕೋಶಗಳು ಅದರ ರಚನೆಯನ್ನೇ ತಿದ್ದಿ, ಕಿಣ್ವವೊಂದನ್ನು ತಡೆಯುವ, ಹೊಸ ಔಷಧವಾಗಬಹುದಾದ ಬೇರೆಯೇ ವಸ್ತುವನ್ನು ಕೊಡುತ್ತಿದ್ದವು. ಆ ಗುಣ ಅವಳ ಒಂದೇ ತಳಿಗೆ ಒಲಿದಿತ್ತು. ಕುಪ್ಪಿಯ ಬಾಯಿಗೆ ಬಿಗಿದ ಹತ್ತಿಯೇ ಅದರ ಕಾವಲು. ಹೊರಗಿನ ಸೂಕ್ಷ್ಮಾಣು ಹೊಕ್ಕರೆ ಎಲ್ಲವೂ ಕೊಳೆತಂತೆಯೇ. ಆದುದರಿಂದ ಕಸ ಗುಡಿಸುವ ಗುಲ್ಬರ್ಗದ ಮರಗಮ್ಮನನ್ನು ಅವಳು ಹೊಸ್ತಿಲಲ್ಲೇ ಗದರಿ ನಿಲ್ಲಿಸುತ್ತಿದ್ದಳು.

ಹಿಂದಿನ ಗುರುವಾರ ಕಂಪನಿಯ ವಾರ್ಷಿಕ ಸತ್ಯನಾರಾಯಣ ಪೂಜೆ. ಅಷ್ಟೂ ಕುಪ್ಪಿಗಳು ಮಂಟಪಕ್ಕೆ ಬರಬೇಕೆಂದು ಡಾಕ್ಟರರ ಅಪ್ಪಣೆಯಾಯಿತು.

"ಒಂದಾದ್ರೂ ಒಳಗೆ ಇರ್ಲಿ ಸರ್."

"ದೇವರಿಗೆ ಕೊಡುವಾಗ ಮಿಗಿಸಿಕೊಂಡು ಕೊಡ್ತಾರೇನಮ್ಮ?"

"ಹಾಗಾದ್ರೆ ಹತ್ತಿ ಮಾತ್ರ ಮುಟ್ಬೇಡಿ. ಮೈಲಿಗೆ ಆಗ್ತದೆ."

"ತುಳಸಿಗೆ ಮೈಲಿಗೆಯೇ? ಮೈಲಿಗೆ ಕಳೆಯೋದೇ ತುಳಸಿ ಕಣಮ್ಮ!"

ಪ್ರಸಾದದ ಶಿರಾ ಮೆಲ್ಲುತ್ತಿದ್ದ ಕಂಪನಿಯ ನಿರ್ದೇಶಕರು ನಕ್ಕರು. ಆ ನಗುವಿನಿಂದ ಉಬ್ಬಿದ ವಿದ್ವಾಂಸ ಡಾಕ್ಟರರು ಒಂದೊಂದೇ ಹತ್ತಿಯನ್ನು ಕಿತ್ತು, ಕುಪ್ಪಿಗಳಿಗೆ ಹಾಲು, ಮೊಸರು, ಜೇನುಗಳ ತೀರ್ಥವನ್ನು ಉದ್ಧರಣೆಯಿಂದ ಎರೆದರು. ಸೂಕ್ಷ್ಮಾಣುಗಳಿಗೆ ಅಂಥ ಔತಣವನ್ನು ಯಾವ ಶತ್ರುವೂ ಬಡಿಸಲಾರ. ತಡೆಯಹೋದ ಹರಿಣಾಕ್ಷಿಯ ಕೈಗೆ ಒಬ್ಬ ನಿರ್ದೇಶಕರು ಪ್ರಸಾದದ ದೊನ್ನೆ ತುರುಕಿದರು.

ಶುಕ್ರವಾರ ಎಸ್ಟೇಟಿಗೆ ವಾರದ ರಜೆ. ಶನಿವಾರ ಬಾಗಿಲು ತೆರೆದರೆ ಹುಳಿ ನಾತ. ಕುಪ್ಪಿಗಳೆಲ್ಲ ಅಕ್ಕಿ ತೊಳೆದ ನೀರಿನಂತೆ ಕದಡಿದ್ದವು. ತಳಿ ಸತ್ತಿತ್ತು. ಡಾಕ್ಟರರು ಮೂಗು ಮುಚ್ಚಿಕೊಂಡು, "ಶುಚಿ ನೋಡಿಕೊಳ್ಳೋದು ನಿಮ್ಮ ಕೆಲಸವಾಗಿತ್ತು" ಎಂದರು.

ಸೋಮವಾರ ಗೇಟಿನ ಬಳಿ ಮರಗಮ್ಮ ಅವಳನ್ನು ತಡೆದಳು. "ನನಗ ಹೊಸ್ತಲ್ದಾಗ ನಿಂದರಸ್ತಿದ್ರಿ ಬಾಯಿ. ಸಾಯೇಬ್ರ ಕೈಗಿ ಕುಪ್ಪಿ ಕೊಟ್ಟು ಕುಂತ್ರಿ?"

ಹರಿಣಾಕ್ಷಿ ವಜಾ ಪತ್ರವನ್ನು ಚೀಲಕ್ಕೆ ತುರುಕುವುದನ್ನು ಕಂಡು ಮರಗಮ್ಮ ಮತ್ತೆ ಅಂದಳು:

"ಹೋಗ್ಲಿ ಬಿಡ್ರಿ. ಪೂಜಿ ದಿನ ನಾ ಅಲ್ಲೇ ಇದ್ದೆ; ಹತ್ತಿ ಯಾರ್ ಕಿತ್ತಾರಂತ ನಾ ಹೇಳ್ತೀನಿ. ನನಗ ಕರೀಲಿ."

ಯಾರೂ ಕರೆಯಲಿಲ್ಲ. 'ಅಜಾಗರೂಕತೆ' ಹೊತ್ತವಳಿಗೆ ಹತ್ತಿರದ ಅಂಬರನಾಥದ ಪ್ರಯೋಗಾಲಯಗಳೂ ಬಾಗಿಲು ತೆರೆಯಲಿಲ್ಲ.

ನಿರ್ದೇಶಕರೇ, ನೀವು ಎದುರಿಗೇ ಕುಳಿತು ನಕ್ಕವರು, ಕಾಣಲಿಲ್ಲವೆನ್ನುವ ಹಾಗಿಲ್ಲ. ಮರಗಮ್ಮನನ್ನು ಕರೆದು ಕೇಳಿರಿ. ಆ ಪದವನ್ನು ಹರಿಣಾಕ್ಷಿಯ ಹೆಸರಿನಿಂದ ತೆಗೆದು ಅದರ ನಿಜವಾದ ಒಡೆಯನಿಗೆ ಒಪ್ಪಿಸಿರಿ. ಅವಳ ಕೆಲಸವನ್ನು ಅವಳಿಗೆ ಮರಳಿಸಿರಿ.