ಯಂತ್ರ ನೋಡುತ್ತ ಉಂಡವಳು

ಈ ವಯಸ್ಸಿನಲ್ಲಿ ನನಗೊಂದು ನೌಕರಿ ಸಿಕ್ಕಿದೆ. ದಿನಾ ಮಧ್ಯಾಹ್ನ ಸಿಂಧನೂರಿನ ಈ ಮನೆಯ ಪಡಸಾಲೆಯಲ್ಲಿ ಕುಳಿತು ಮೊಬೈಲು ಹಿಡಿಯುವುದು. ಮೊಮ್ಮಗಳು ತನ್ನ ಎರಡು ವರ್ಷದ ಮಗನ ಬಾಯಿಗೆ ಅನ್ನ ಇಡುತ್ತಾಳೆ. ಅವನು ಪರದೆಯಲ್ಲಿ ಕುಣಿಯುವ ಆನೆಯನ್ನು ನೋಡುತ್ತ ನುಂಗುತ್ತಾನೆ. ನನ್ನ ಕೈ ಸ್ವಲ್ಪ ಅಲುಗಿದರೂ ಇಬ್ಬರಿಂದಲೂ ಬೈಗುಳ. ಎಪ್ಪತ್ತು ದಾಟಿದ ಮೇಲೆ ಇಂಥ ಮರ್ಯಾದೆಯ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಇವತ್ತು ನಡುವೆಯೇ ಮೊಬೈಲು ಆರಿಹೋಯಿತು. ಹುಡುಗ ತುಟಿ ಎರಡೂ ಒಳಗೆಳೆದುಕೊಂಡು ಮುಖ ತಿರುಗಿಸಿದ. ಆ ಮುಚ್ಚಿದ ಬಾಯಿಯನ್ನು ನಾನು ಹಿಂದೆಯೂ ನೋಡಿದ್ದೇನೆ.

ಆಗ ನಾವು ಬಳಗಾನೂರಿನ ಹತ್ತಿರ ಇದ್ದೆವು. ಕಾಲುವೆ ತೋಡುತ್ತಿದ್ದ ಕಾಲ. ಅಪ್ಪ, ಅವ್ವ ಇಬ್ಬರೂ ಮಣ್ಣು ಹೊರಲು ಹೋಗುತ್ತಿದ್ದರು. ನನಗೆ ಹತ್ತು ವರ್ಷ. ತಂಗಿ ಹುಲಿಗೆಮ್ಮನಿಗೆ ಎರಡು ತುಂಬಿತ್ತು. ಅವಳಿಗೆ ಉಣಿಸುವುದು ನನ್ನ ಪಾಲಿನ ಕೆಲಸ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಅವಳು ಚೆಲ್ಲುತ್ತ, ಆಡುತ್ತ, ತಾಸುಗಟ್ಟಲೆ ಉಣ್ಣುತ್ತಿದ್ದಳು. ಅತ್ತ ಬೇವಿನ ನೆರಳಲ್ಲಿ ಗೆಳತಿಯರು ಚೌಕಾಬಾರ ಹೂಡಿಕೊಂಡು ಕರೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಆ ಕಾಲುವೆಗೆ ಮಣ್ಣು ಅಗೆಯುವ ಒಂದು ಯಂತ್ರ ಬಂತು. ಅದರ ಕಬ್ಬಿಣದ ಬಾಯಿ ಕೆಳಗಿಳಿದು, ತೆರೆದು, ಮಣ್ಣು ಕಚ್ಚಿಕೊಂಡು ಮೇಲೇಳುತ್ತಿತ್ತು. ಊರಿಗೆ ಊರೇ ನಿಂತು ನೋಡುತ್ತಿತ್ತು. ಒಂದು ದಿನ ತಂಗಿಯನ್ನೂ ಬಟ್ಟಲನ್ನೂ ಅಲ್ಲಿಗೇ ಒಯ್ದೆ.

“ಮಷೀನು ಬಾಯಿ ತೆಗೀತು, ನೀನೂ ತೆಗಿ,” ಅಂದೆ.

ತೆಗೆದಳು. ತುರುಕಿದೆ. ಏನು ನುಂಗಿದಳೋ ಅವಳಿಗೇ ಗೊತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ.

“ಅಷ್ಟೂ ಉಂಡಾಳೇನ? ಶ್ಯಾಣ್ಯಾಕಿ ಬೇ ನೀ,” ಎಂದು ಅವ್ವ ನನ್ನ ತಲೆ ಸವರಿದಳು. ಅವ್ವ ಯಾರನ್ನೂ ಸುಮ್ಮನೆ ಹೊಗಳುವವಳಲ್ಲ. ಜಾಣೆ ಎಂಬ ಆ ಮಾತಿನ ಮೇಲೆ ಎರಡು ತಿಂಗಳು ಮೆರೆದೆ.

ಕಾಲುವೆ ಮುಂದೆ ಸಾಗಿದಂತೆ ಯಂತ್ರವೂ ಸಾಗಿತು. ತಂಗಿಯನ್ನು ಸೊಂಟದ ಮೇಲೆ ಹೊತ್ತು ನಾನೂ ಅದರ ಬೆನ್ನು ಹತ್ತಿದೆ. ಕೊನೆಗೊಂದು ದಿನ ಅದನ್ನು ಬೇರೆಲ್ಲಿಗೋ ಒಯ್ದುಬಿಟ್ಟರು. ಹುಲಿಗೆಮ್ಮ ಬಾಯಿ ಮುಚ್ಚಿದಳು.

“ಮಷೀನ್ ಎಲ್ಲೈತಿ?” ಅಷ್ಟೇ ಅವಳ ಮಾತು. ಎತ್ತು ತೋರಿಸಿದೆ, ಬಂಡಿ ತೋರಿಸಿದೆ. ನಾನೇ ಯಂತ್ರವಾಗಿ ಬೊಗಸೆಯಲ್ಲಿ ಮಣ್ಣು ಎತ್ತಿ ಸುರಿದೆ. ಒಂದು ಸಲ ನಕ್ಕಳು, ಉಣ್ಣಲಿಲ್ಲ.

“ಹಸಿದರ ತಾನ ಉಣತಾಳ, ಬಿಡು,” ಅಂದಳು ಹಾಸಿಗೆ ಹಿಡಿದಿದ್ದ ನಮ್ಮಜ್ಜಿ. ಆ ಹಸಿವನ್ನೇ ಮರೆಸಿದವಳು ನಾನು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ದಿನಕ್ಕೆ ಎರಡು ತುತ್ತು ಒಳಗೆ ಹೋದರೆ ಹೆಚ್ಚು. ಕೈಯ ಕಡಗ ಮೊಣಕೈವರೆಗೆ ಜಾರುತ್ತಿತ್ತು. ಮಳೆಗಾಲಕ್ಕೆ ಜ್ವರ ಬಂತು. ಅಪ್ಪ ಅವಳನ್ನು ಎತ್ತಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೊರಟ. ಮಸ್ಕಿ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜ್ವರಕ್ಕೆ ಹೋದಳು ಎಂದಿತು ಊರು. ಅವ್ವನೂ ಅದನ್ನೇ ನಂಬಿದಳು. ಸಾಯುವತನಕ ನನ್ನನ್ನು ಶ್ಯಾಣ್ಯಾಕಿ ಎಂದೇ ಕರೆದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಸಾಯಬೇಕೆನಿಸುತ್ತಿತ್ತು. ಮುಂದೆ ಕಾಲುವೆಗೆ ನೀರು ಬಂತು, ಜೋಳದ ಹೊಲಗಳಲ್ಲಿ ಭತ್ತ ನಿಂತಿತು, ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ನಮ್ಮ ಮನೆಗೂ ದಿನಾ ಬಂತು.

ಇದನ್ನೆಲ್ಲ ಮೊಮ್ಮಗಳಿಗೆ ಇವತ್ತು ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಇಷ್ಟೇ: “ಮೊಬೈಲ್ ಬ್ಯಾಡವ್ವ, ಕೂಸಿಗೆ ಹಸಿವು ಗೊತ್ತಾಗಲಿ.”

“ಹಂಗಾರ ನೀನ ಉಣಿಸು ಅಜ್ಜಿ,” ಎಂದು ಬಟ್ಟಲನ್ನು ನನ್ನ ಕೈಗಿಟ್ಟಳು.

ತುತ್ತು ಹಿಡಿದು ಕುಳಿತೆ. ಹುಡುಗ ಬಾಯಿ ತೆರೆಯಲಿಲ್ಲ. ಕಾದರೆ ತೆರೆಯುತ್ತಾನೆ, ಇವತ್ತಲ್ಲ ನಾಳೆ ಹಸಿಯುತ್ತಾನೆ; ಅಂದು ನಮ್ಮಜ್ಜಿ ಹೇಳಿದ್ದೂ ಇದನ್ನೇ. ಕಾಯುವ ಧೈರ್ಯ ನನಗೆ ಬರಲಿಲ್ಲ. ಬಟ್ಟಲು ಕೆಳಗಿಟ್ಟು, ನಾನೇ ಎದ್ದು ಹೋಗಿ ಮೊಬೈಲಿಗೆ ಚಾರ್ಜು ಹಚ್ಚಿದೆ.