ದೇವರಾಜ್ ಮೇಷ್ಟ್ರ ಮೈಲೇಜು

ಹಳೇಬೀಡಿನಿಂದ ಬೇಲೂರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಷ್ಟು ಕಾಲ ದೇವರಾಜ್ ಮೇಷ್ಟ್ರು ನಮ್ಮೆಲ್ಲರಂತೆ ಆರೋಗ್ಯವಾಗಿಯೇ ಇದ್ದರು. ಅವರು ಬೇಲೂರಿನ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು, ನಾನು ಅಲ್ಲೇ ಕನ್ನಡ ಹೇಳಿಕೊಡುವವನು. ಅವರ ಹೆಂಡತಿ ಲತಾಮಣಿ ಬೇಲೂರಿನಲ್ಲೇ ಪ್ರೈಮರಿ ಶಾಲೆ ಟೀಚರು. ಮೂವರೂ ದಿನಾ ಹಳೇಬೀಡಿನಿಂದ ಒಟ್ಟಿಗೇ ಹೋಗಿಬರುತ್ತಿದ್ದೆವು. ಒಂದು ಬೆಳಿಗ್ಗೆ ಬಸ್ಸಿನ ನೂಕುನುಗ್ಗಲಲ್ಲಿ ಯಾರೋ ಮೇಷ್ಟ್ರ ಇಸ್ತ್ರಿ ಅಂಗಿಗೆ ಮೀನಿನ ಚೀಲ ಒರಗಿಸಿದರು. ಆ ವಾಸನೆಯಲ್ಲೇ ಇಡೀ ದಿನ ಪಾಠ ಮಾಡಿದ ಮೇಷ್ಟ್ರು, ಸಂಜೆಯ ಹೊತ್ತಿಗೆ ಕಾರು ತಗೊಳ್ಳುವ ತೀರ್ಮಾನಕ್ಕೆ ಬಂದಿದ್ದರು.

ಕಾರು ಸಿಕ್ಕಿದ್ದು ಅರಸೀಕೆರೆಯಲ್ಲಿ. ಬೆಳ್ಳಿ ಬಣ್ಣದ, ಉದ್ದ ಡಿಕ್ಕಿಯ ಪೆಟ್ರೋಲ್ ಗಾಡಿ. ಬ್ರೋಕರ್ ಶಿವಪ್ರಕಾಶ್ ಬಾನೆಟ್ ಸವರುತ್ತಾ, "ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್. ಮನೆ ಬಿಟ್ರೆ ಕ್ಲಿನಿಕ್ಕು, ಕ್ಲಿನಿಕ್ ಬಿಟ್ರೆ ಮನೆ" ಎಂದ. ಅರಸೀಕೆರೆಯಲ್ಲಿ ಸೆಕೆಂಡ್‌ಹ್ಯಾಂಡಿಗೆ ಬರುವ ಕಾರುಗಳೆಲ್ಲ ಡಾಕ್ಟರುಗಳವೇ. ಅಷ್ಟು ಡಾಕ್ಟರುಗಳು ಊರಲ್ಲಿ ನಿಜವಾಗಿಯೂ ಇದ್ದಿದ್ದರೆ ಅಲ್ಲಿ ಯಾರಿಗೂ ನೆಗಡಿಯೇ ಆಗುತ್ತಿರಲಿಲ್ಲ.

"ಮೈಲೇಜ್ ಎಷ್ಟು ಕೊಡುತ್ತೆ?" ಮೇಷ್ಟ್ರು ಕೇಳಿದರು.

"ಲೀಟರಿಗೆ ಇಪ್ಪತ್ತು ಸಾರ್. ಓಡ್ಸೋರ ಕೈಯಾಗೈತೆ."

ಹೀಗೆ ಒಂದೇ ಮಾತಿನಲ್ಲಿ ಅವನು ಕಾರಿನ ಪಾಪವನ್ನೆಲ್ಲ ಮುಂಗಡವಾಗಿಯೇ ಮೇಷ್ಟ್ರ ಕೈಗೆ ದಾಟಿಸಿಬಿಟ್ಟ.

ಮೊದಲ ಟ್ಯಾಂಕು ಮುಗಿದಾಗ ಲೆಕ್ಕ ಹಾಕಿದರೆ ಬಂದದ್ದು ಹದಿಮೂರು. ಬೇರೆಯವರಾಗಿದ್ದರೆ ಬ್ರೋಕರನ್ನು ಬೈದು ಸುಮ್ಮನಾಗುತ್ತಿದ್ದರು. ಮೇಷ್ಟ್ರು ತಮ್ಮನ್ನೇ ತಿದ್ದಿಕೊಳ್ಳಲು ಹೊರಟರು. ಎ.ಸಿ. ಮುಟ್ಟಕೂಡದು, ಪೆಟ್ರೋಲ್ ಕುಡಿಯುತ್ತೆ. ಕಿಟಕಿ ಇಳಿಸಕೂಡದು, ಗಾಳಿ ತಡೆಯುತ್ತೆ. ಹೀಗಾಗಿ ಮಾರ್ಚ್ ತಿಂಗಳ ಬಿಸಿಲಲ್ಲಿ ನಾವು ಇಡ್ಲಿ ಪಾತ್ರೆಯೊಳಗೆ ಕೂತಂತೆ ಕೂತು ಬೇಲೂರು ತಲುಪುತ್ತಿದ್ದೆವು. ತೂಕ ಇಳಿಸಲು ಸ್ಟೆಪ್ನಿ ಟೈರನ್ನು ಡಿಕ್ಕಿಯಿಂದ ತೆಗೆದು ಮನೆಯ ಅಟ್ಟಕ್ಕೆ ಹಾಕಿದರು. ಗಾಡಿ ನಡಿಗೆಯ ವೇಗದಲ್ಲಿದ್ದರೂ ಗೇರು ಮಾತ್ರ ಟಾಪಿನಲ್ಲೇ ಇರಬೇಕು. ಇಂಜಿನ್ನು ಹಳೇ ಆಸ್ತಮಾದವರ ಹಾಗೆ ಗೊರಗುಟ್ಟುತ್ತಿತ್ತು. ಎಮ್ಮೆ ಅಡ್ಡ ಬಂದರೆ ಇಂಜಿನ್ ಆಫ್. ಎಮ್ಮೆ ದಾಟಿದ ಮೇಲೆ ಆನ್. ಎಮ್ಮೆಯ ಹಿಂದೆ ಕರು ಇದ್ದರೆ ಮತ್ತೆ ಆಫ್.

ಇಷ್ಟು ತಪಸ್ಸಿಗೆ ಮೈಲೇಜು ಒಲಿಯಿತೇ? ಹದಿಮೂರರಿಂದ ಹನ್ನೆರಡೂವರೆಗೆ ಬಂತು. ಮೇಷ್ಟ್ರು ಅದಕ್ಕೆ ಅತ್ತೆ ಲಕ್ಕಮ್ಮನವರನ್ನು ಹೊಣೆ ಮಾಡಿದರು. ಆಕೆ ಆ ತಿಂಗಳು ಎರಡು ಸಲ ಕಾರು ಹತ್ತಿದ್ದರು.

ಅರೇಹಳ್ಳಿ ಹತ್ತಿರ ನಮ್ಮ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದು ಆಮೇಲೆ. ಮೇಷ್ಟ್ರು, ಪಕ್ಕದಲ್ಲಿ ನಾನು, ಹಿಂದೆ ಲತಾಮಣಿ ಮತ್ತು ಲಕ್ಕಮ್ಮ. ಹೋಗುವಾಗ ಒಂದು ಏರಿನಲ್ಲಿ, "ಸ್ವಲ್ಪ ಇಳಿದು ನಡೆದು ಬನ್ನಿ, ಊಟ ಚೆನ್ನಾಗಿ ಸೇರುತ್ತೆ" ಎಂದು ನಮ್ಮನ್ನು ಇಳಿಸಿದರು.

ಲಕ್ಕಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಏರು ಹತ್ತುತ್ತಾ, "ಅಲ್ಲ ಕಣೇ ಲತಾ, ಬಸ್ನಾಗಾದ್ರೆ ನಿಂತ್ಕಂಡಾದ್ರೂ ಹೋಗ್ತಿದ್ವಿ" ಎಂದರು.

ವಾಪಸು ಬರುವಾಗ ಉದ್ದನೆಯ ಇಳಿಜಾರು ಸಿಕ್ಕಿತು. ಮೇಷ್ಟ್ರ ಮುಖ ಅರಳಿತು. ಕೀ ತಿರುಗಿಸಿ ಇಂಜಿನ್ ಆರಿಸಿ, "ನೋಡಿ, ಈಗ ಒಂದು ಹನಿ ಪೆಟ್ರೋಲೂ ಬೇಡ. ಪೂರ್ತಿ ಫ್ರೀ!" ಎಂದರು.

ಫ್ರೀ ಎನ್ನುವುದು ನಿಜವೇ ಆಗಿತ್ತು. ಗಾಡಿ ಯಾರ ಹಂಗೂ ಇಲ್ಲದೆ ಓಡತೊಡಗಿತು. ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೆಯದರಲ್ಲಿ ಪೆಡಲ್ಲು ಕಲ್ಲಿನಂತಾಯಿತು. ಇಂಜಿನ್ ಆರಿದರೆ ಬ್ರೇಕಿನ ಬಲವೂ ಹೋಗುತ್ತದೆ ಎನ್ನುವುದು ಅವರ ಲೆಕ್ಕದಲ್ಲಿ ಸೇರಿರಲಿಲ್ಲ. ಸ್ಟೇರಿಂಗೂ ಬಿಗಿಯಿತು.

"ರೀ, ಸ್ಟಾರ್ಟ್ ಮಾಡ್ರೀ!" ಲತಾಮಣಿ ಕಿರುಚಿದರು.

ಮೇಷ್ಟ್ರ ಎರಡೂ ಕೈ ಸ್ಟೇರಿಂಗಿಗೆ ಅಂಟಿಹೋಗಿದ್ದವು. ಕಾರು ರಸ್ತೆ ಬಿಟ್ಟು, ಬೇಲಿ ಮುರಿದು, ಕಣದ ಬದಿಯಲ್ಲಿ ಒಟ್ಟಿದ್ದ ಭತ್ತದ ಹುಲ್ಲಿನ ಮೆದೆಯೊಳಕ್ಕೆ ಅರ್ಧ ಹೊಕ್ಕು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಒಳಗೆ ಕತ್ತಲು, ಹುಲ್ಲಿನ ವಾಸನೆ, ಲಕ್ಕಮ್ಮನವರ ಉಸಿರಿನ ಸದ್ದು.

ಹುಲ್ಲಿನ ಯಜಮಾನ ಮರಿಯಣ್ಣ ಓಡಿ ಬಂದರು. ನಾಲ್ವರೂ ಜೀವಂತ ಇರುವುದನ್ನು ಖಾತ್ರಿ ಮಾಡಿಕೊಂಡು, ಕಾರಿನ ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ಏನ್ ಸಾಮಿ, ಹುಲ್ಲು ಹಾಕಿ ಓಡ್ಸೋ ಗಾಡಿಯಾ? ಹೊರೆಗೆ ಎಷ್ಟು ಕೊಡ್ತದೆ?"

ಲತಾಮಣಿ ನಗಲು ಶುರು ಮಾಡಿದವರು ಕೊನೆಗೆ ಅತ್ತರು. ಮೇಷ್ಟ್ರು ಬೇಲಿಯ ಕಲ್ಲಿನ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದರು.

ಮೆಕ್ಯಾನಿಕ್ ಬೇಲೂರಿಗೆ ಗಾಡಿ ಎಳೆದೊಯ್ದು ನೋಡಿದ. ಬಂಪರ್ ಸರಿ ಮಾಡುವುದೇನು ದೊಡ್ಡದಲ್ಲ. ಆದರೆ ಎಮ್ಮೆಗೊಮ್ಮೆ ಕರುವಿಗೊಮ್ಮೆ ಸ್ಟಾರ್ಟ್ ಮಾಡಿ ಮಾಡಿ ಸ್ಟಾರ್ಟರ್ ಮೋಟಾರ್ ಸುಟ್ಟಿತ್ತು, ಬ್ಯಾಟರಿ ಕೂತಿತ್ತು, ಕ್ಲಚ್ ಪ್ಲೇಟ್ ಸವೆದಿತ್ತು. ಮೇಷ್ಟ್ರು ಉಳಿಸಿದ ಪೆಟ್ರೋಲಿನ ಬೆಲೆ ಒಂದು ಕಾಫಿ ತಿಂಡಿಯಷ್ಟಿದ್ದಿರಬಹುದು. ಅದಕ್ಕೆ ತಗುಲಿದ ವೆಚ್ಚದಲ್ಲಿ ಒಂದು ಹೋಟೆಲನ್ನೇ ಬಾಡಿಗೆಗೆ ಹಿಡಿಯಬಹುದಿತ್ತು.

ಲತಾಮಣಿ ಜಗಳವಾಡಲಿಲ್ಲ. ಬೇಸಿಗೆ ರಜೆಯಲ್ಲಿ ಸದ್ದಿಲ್ಲದೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ಪಡೆದರು. ಶಾಲೆ ತೆರೆದ ದಿನ ಕೀ ಅವರ ಕೈಯಲ್ಲಿತ್ತು. "ಪಕ್ಕದಲ್ಲಿ ಕೂತ್ಕೊಳ್ಳಿ. ಮಾತಾಡ್ಬೇಡಿ" ಎಂದರು. ಎ.ಸಿ. ಹಾಕಿದರು. ಗೇರನ್ನು ಬೇಕಾದಾಗ ಬೇಕಾದಷ್ಟಕ್ಕೆ ಬದಲಿಸಿದರು. ಟೈರಿಗೆ ಗಾಳಿ ಸರಿಯಾಗಿ ಹಿಡಿಸಿದ್ದರು, ಸ್ಟೆಪ್ನಿ ಡಿಕ್ಕಿಯಲ್ಲಿತ್ತು. ಎಮ್ಮೆ ಬಂದಾಗ ಸುಮ್ಮನೆ ನಿಂತು, ಹೋದ ಮೇಲೆ ಮುಂದೆ ಹೋದರು.

ಟ್ಯಾಂಕು ಮುಗಿದಾಗ ಲೀಟರಿಗೆ ಹದಿನಾರು ಬಂದಿತ್ತು. ಮೇಷ್ಟ್ರು ಬಂಕಿನಲ್ಲೇ ನಿಂತು ಮತ್ತೆ ಭಾಗಿಸಿ ನೋಡಿದರು. ಗಣಿತ ಬದಲಾಗಲಿಲ್ಲ. "ಮಳೆಗಾಲ ಅಲ್ವಾ, ಇಂಜಿನ್ ತಂಪಾಗಿರುತ್ತೆ" ಎಂದರು.

ಈಗ ಲತಾಮಣಿ ದಾರಿಯಲ್ಲಿ ಇನ್ನಿಬ್ಬರು ಟೀಚರುಗಳನ್ನೂ ಹತ್ತಿಸಿಕೊಳ್ಳುತ್ತಾರೆ. ಪೆಟ್ರೋಲಿನ ಖರ್ಚು ಹಂಚಿಹೋಗುತ್ತದೆ. ಸ್ವಾತಿ ಟೀಚರಿಗೆ ಹಿಂದೆ ಕೂತರೆ ತಲೆ ಸುತ್ತುತ್ತದಾದ್ದರಿಂದ ಮುಂದಿನ ಸೀಟು ಅವರಿಗೆ. ಗಾಡಿಯ ಮಾಲೀಕರು ಹಿಂದೆ ನಡುವಿನಲ್ಲಿ, ನನ್ನ ಮತ್ತು ರುದ್ರಮ್ಮ ಟೀಚರ ನಡುವೆ, ಮೊಣಕಾಲು ಮಡಚಿಕೊಂಡು ಕೂರುತ್ತಾರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಕಾರು ಕೊಳ್ಳಲಿರುವ ಒಬ್ಬರಿಗೆ ಹೇಳುತ್ತಿದ್ದರು: "ನಮ್ಮದು ಹದಿನಾರು ಕೊಡುತ್ತೆ ಕಣ್ರೀ. ಎಲ್ಲಾ ಓಡಿಸೋರ ಮೇಲಿರುತ್ತೆ."